ದುಡಿಯದೆ ಬಂದ ಬೆವರು

ನ್ಯಾಯಬೆಲೆ ಅಂಗಡಿಯ ಮುಂದೆ ನಾಲ್ಕನೇ ಸಲ ಹೆಬ್ಬೆಟ್ಟನ್ನು ಲುಂಗಿಗೆ ಒರೆಸಿ ಮಿಷನ್ನಿನ ಗಾಜಿನ ಮೇಲಿಟ್ಟೆ. ಅದು ಮತ್ತೆ ಕುಯ್ ಎಂದಿತು. 'ಕೈ ತೊಳ್ಕೊಂಡು ಹಂಗೇ ಬಂದ್ಯೇನಣ್ಣ?' ಎಂದ ಅಂಗಡಿಯ ಹುಡುಗ. ಹಿಂದೆ ನಿಂತಿದ್ದ ಅಜ್ಜಿಗೂ ಅದೇ ಗತಿ, ಕಾರಣ ಮಾತ್ರ ಉಲ್ಟಾ. ಆಕೆ ನಮ್ಮ ಶಿಡ್ಲಘಟ್ಟದ ಫಿಲೇಚರುಗಳಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ, ಆಯಸ್ಸೆಲ್ಲ ಬಿಸಿನೀರಿಗೆ ಕೈ ಹಾಕಿ ರೇಷ್ಮೆ ಗೂಡಿನ ಎಳೆ ಹುಡುಕಿದವರು. ಬೆರಳ ತುದಿ ಸವೆದು ನುಣ್ಣಗಾಗಿದೆ. 'ನಿನ್ನ ಹೆಬ್ಬೆಟ್ಟಲ್ಲಿ ನೀರು ಜಾಸ್ತಿ, ನನ್ನ ಹೆಬ್ಬೆಟ್ಟಲ್ಲಿ ಗೆರೆನೇ ಇಲ್ಲ. ಇಬ್ಬರಿಗೂ ಇವತ್ತು ಅಕ್ಕಿ ಇಲ್ಲ ಬಿಡಪ್ಪ' ಎಂದು ಬೊಚ್ಚುಬಾಯಲ್ಲಿ ನಕ್ಕರು.

ಅವರ ಗೆರೆ ದುಡಿದು ಸವೆದದ್ದು. ನನ್ನ ನೀರು ಎಲ್ಲಿಂದ ಬಂತು? ಬೆಳಗಿನಿಂದ ನಾನು ಮಾಡಿದ್ದ ಕೆಲಸವೆಂದರೆ ಕಾಫಿ ಕುಡಿದದ್ದು.

ನಮ್ಮಲ್ಲಿ ಬೆವರಿಗೆ ಭಾರಿ ಮರ್ಯಾದೆ ಉಂಟು, ಆದರೆ ಜೊತೆಗೆ ರಸೀದಿ ತೋರಿಸಬೇಕು. ಹಿಪ್ಪುನೇರಳೆ ಕಡ್ಡಿ ಕಡಿದು ಹೊರೆ ಹೊತ್ತು ಬಂದವನ ಬೆವರಿಗೆ ಮಜ್ಜಿಗೆ ಸಿಗುತ್ತದೆ. ನೆರಳಲ್ಲಿ ಕೂತವನ ಬೆವರಿಗೆ ಸಿಗುವುದು ಅನುಮಾನ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅಂಗೈ ಕೆಳಗೆ ಕರ್ಚೀಫು ಹಾಸಿಕೊಂಡು ಬರೆಯುತ್ತಿದ್ದೆ, ಇಲ್ಲದಿದ್ದರೆ ಶಾಯಿ ಹರಡಿ ಗಣಿತವೆಲ್ಲ ಭೂಪಟವಾಗುತ್ತಿತ್ತು. ಮೇಲ್ವಿಚಾರಕರು ಆ ಕರ್ಚೀಫನ್ನು ಎರಡು ಸಲ ಕೊಡವಿ ನೋಡಿದರು. ಚಿಂತಾಮಣಿ ಬಸ್ಸಿನ ಕಂಡಕ್ಟರೊಬ್ಬ ನನ್ನ ಹತ್ತರ ನೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, 'ಒಗೆದು ತಂದವ್ನೆ ನೋಡಿ, ಇಸ್ತ್ರಿ ಒಂದು ಬಾಕಿ' ಎಂದು ಇಡೀ ಬಸ್ಸಿಗೆ ತೋರಿಸಿದ್ದ.

ಅವರನ್ನೂ ಬೈಯುವಂತಿಲ್ಲ. ಅಂಗೈ, ಅಂಗಾಲಿನ ಬೆವರು ಬಿಸಿಲಿಗಿಂತ ಮನಸ್ಸಿನ ಮಾತನ್ನೇ ಹೆಚ್ಚು ಕೇಳುತ್ತದೆ. ಸುಳ್ಳು ಪತ್ತೆ ಮಾಡುವ ಯಂತ್ರ ಕೂಡ ಉಸಿರು, ರಕ್ತದೊತ್ತಡದ ಜೊತೆ ಬೆರಳ ತುದಿಯ ಈ ತೇವವನ್ನೇ ಅಳೆಯುವುದು. ಭಯಕ್ಕೂ ಬೆವರುತ್ತದೆ, ಬೆವರೀತೆಂಬ ಭಯಕ್ಕೂ ಬೆವರುತ್ತದೆ. ಎರಡನೆಯದು ಶುರುವಾದರೆ ಮುಗಿಯುವುದಿಲ್ಲ.

ಮೈಯ ಉಳಿದ ಬೆವರಿನದು ನೇರ ವ್ಯವಹಾರ. 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳು ಚರ್ಮದಡಿ ಕೂತಿರುತ್ತವೆ, ಮೆದುಳು ಅಪ್ಪಣೆ ಕೊಟ್ಟಾಗ ನೀರು ಬಿಡುತ್ತವೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರಬೇಕು, ಅದೇ ಮುಖ್ಯ. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಅಂಗಿಯ ಬೆನ್ನಲ್ಲಿ ಉಪ್ಪಿನ ಗೆರೆ ಉಳಿಯುತ್ತದೆ ಅಷ್ಟೆ. ಗೂಡು ಬೇಯಿಸುವ ಶೆಡ್ಡಿನೊಳಗೆ ಹೋದರೆ ಬೇರೆಯೇ ದೇಶ. ಹಬೆ ತುಂಬಿದ ಗಾಳಿ ಬೆವರನ್ನು ತೆಗೆದುಕೊಳ್ಳುವುದಿಲ್ಲ. ಧಾರಾಕಾರ ಸುರಿದರೂ ಮೈ ತಣ್ಣಗಾಗುವುದಿಲ್ಲ. ಅಪ್ಪ ಮೂವತ್ತು ವರ್ಷ ಅಂಥದ್ದೊಂದು ಶೆಡ್ಡಿನಲ್ಲಿ ಗೂಡು ತೇಲುವ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತಿದ್ದವರು. ಮನೆಗೆ ಬಂದಾಗ ಮೊಣಕೈವರೆಗೂ ಒದ್ದೆ, ಬೆಂದ ಹುಳುವಿನ ವಾಸನೆ.

ಕೊನೆಗೆ ಹೆಂಡತಿಯ ಕಾಟಕ್ಕೆ ಡಾಕ್ಟರ ಬಳಿ ಹೋದೆ. ಅವರು ಕೈ ನೋಡುವುದು ಬಿಟ್ಟು ಪ್ರಶ್ನೆ ಶುರು ಮಾಡಿದರು. ತೂಕ ಇಳಿದಿದೆಯಾ, ಎದೆ ಡವಡವ ಅನ್ನುತ್ತಾ, ಬೆರಳು ನಡುಗುತ್ತಾ? ಅದು ಥೈರಾಯ್ಡಿಗೆ. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿ, ಸಂಜೆ ಜ್ವರ, ಕೆಮ್ಮು ಇದೆಯಾ? ಅದು ಕ್ಷಯಕ್ಕೆ. ಯಾವ ಮಾತ್ರೆ ನುಂಗುತ್ತೀರಿ? ಖಿನ್ನತೆಯ ಕೆಲವು ಮಾತ್ರೆಗಳೂ ಬೆವರಿಳಿಸುತ್ತವಂತೆ. ಶುಗರ್ ಇದೆಯಾ? ಇದು ನನಗೆ ಗೊತ್ತಿತ್ತು. ನಮ್ಮ ಸೋದರಮಾವ ಇನ್ಸುಲಿನ್ ಚುಚ್ಚಿಕೊಂಡು, ಗೂಡಿನ ಮಾರ್ಕೆಟ್ಟಿನಲ್ಲಿ ರೇಟಿಗೆ ಕಾಯುತ್ತ ಊಟ ಮರೆತು, ತಣ್ಣನೆ ಬೆವರಿ ಒರಗಿಕೊಂಡಿದ್ದ. ಯಾರೋ ಬಾಯಿಗೆ ಸಕ್ಕರೆ ಹಾಕಿದ ಮೇಲೆ ಎದ್ದು ಮೊದಲು ಕೇಳಿದ್ದು ರೇಟೇ. ಎದೆನೋವಿನ ಜೊತೆ ತಣ್ಣನೆ ಬೆವರು ಬಂದರೆ ಮಾತ್ರ ಸೋಡಾ ಕುಡಿದು ನೋಡುವುದು ಬೇಡ, ಸೀದಾ ಆಸ್ಪತ್ರೆಗೆ ಬನ್ನಿ ಎಂದರು ಡಾಕ್ಟರು.

ಅಲ್ಲಿ ಕೂತಾಗಲೇ ನನಗೆ ದೊಡ್ಡಮ್ಮನ ಫ್ಯಾನು ಅರ್ಥವಾದದ್ದು. ನಂದಿಬೆಟ್ಟದ ಮಂಜು ಊರಿಗೇ ಇಳಿದಂತಿರುವ ಪುಷ್ಯ ಮಾಸದಲ್ಲಿ, ನಾವೆಲ್ಲ ಎರಡೆರಡು ಕಂಬಳಿ ಹೊದ್ದಿರುವಾಗ, ನಡುರಾತ್ರಿ ದೊಡ್ಡಮ್ಮ ಧಡಕ್ಕನೆದ್ದು ಫ್ಯಾನು ಹಾಕುತ್ತಿದ್ದರು. ರವಿಕೆ ಒದ್ದೆ. ದೊಡ್ಡಪ್ಪ 'ಹುಚ್ಚು ಹಿಡಿದೈತೆ' ಎಂದು ಆರಿಸುತ್ತಿದ್ದರು, ಅವರು ಮತ್ತೆ ಹಾಕುತ್ತಿದ್ದರು. ಮುಟ್ಟು ನಿಲ್ಲುವ ಕಾಲಕ್ಕೆ ಮೈಯ ಉಷ್ಣದ ಲೆಕ್ಕ ಹೀಗೆ ತಪ್ಪುತ್ತದೆಂದು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ. ಆ ಸ್ವಿಚ್ಚಿನ ಜಗಳ ಎರಡು ಚಳಿಗಾಲ ನಡೆಯಿತು.

'ನಿದ್ದೆಯಲ್ಲೂ ಕೈ ಬೆವರುತ್ತಾ?' ಎಂದು ಡಾಕ್ಟರು ಕೇಳಿದ್ದಕ್ಕೆ ನಾನೇನು ಹೇಳಲಿ? ಆ ರಾತ್ರಿ ಎರಡು ಗಂಟೆಗೆ ಹೆಂಡತಿ ಮೊಬೈಲಿನ ಟಾರ್ಚು ಬಿಟ್ಟು ನನ್ನ ಅಂಗೈ ಸವರಿ ನೋಡಿದಳಂತೆ. 'ಹಪ್ಪಳದ ಹಾಗಿತ್ತು ಕಣ್ರೀ. ಎಚ್ಚರ ಆಗಿದ್ದೇ ಒದ್ದೆ ಆಯ್ತು!' ಮತ್ತೆ ಹೋಗಿ ಹೇಳಿದೆ, ಡಾಕ್ಟರಿಗೆ ಅಷ್ಟು ಸಾಕಾಯಿತು. ಚಿಕ್ಕಂದಿನಿಂದ ಎರಡೂ ಕೈ ಬೆವರುತ್ತಿದ್ದು, ನಿದ್ದೆಯಲ್ಲಿ ನಿಂತರೆ ಅದು ಬೇರೆ ರೋಗದ ನೆರಳಲ್ಲ, ನರಗಳ ಅತಿ ಉತ್ಸಾಹ ಎಂದರು. ಚೀಟಿಯಲ್ಲಿ ಹೈಪರ್‌ಹೈಡ್ರೋಸಿಸ್, ಅಂದರೆ ಅತಿಬೆವರು, ಎಂದು ಬರೆದರು, ರಾತ್ರಿ ಹಚ್ಚಲು ಅಲ್ಯೂಮಿನಿಯಂ ಕ್ಲೋರೈಡ್ ಕೊಟ್ಟರು. ಅದಕ್ಕೂ ಬಗ್ಗದಿದ್ದರೆ ಟ್ರೇಯಲ್ಲಿ ನೀರು ಹಾಕಿ, ಕೈ ಮುಳುಗಿಸಿ, ಸಣ್ಣಗೆ ಕರೆಂಟು ಹರಿಸುವ ಚಿಕಿತ್ಸೆ ಇದೆಯಂತೆ. ಕೈ ಒಣಗಿಸಲು ನೀರಲ್ಲಿ ಮುಳುಗಿಸುವುದು! ಅದೂ ಶಿಡ್ಲಘಟ್ಟದವನಿಗೆ ಹೇಳುತ್ತಿದ್ದಾರೆ.

'ಮನೇಲಿ ಬೇರೆ ಯಾರಿಗಾದರೂ ಇದೆಯಾ? ಇದು ವಂಶದಲ್ಲಿ ಬರೋದುಂಟು' ಎಂದರು. ಯಾರಿಗೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದೆ.

ಮನೆಗೆ ಬಂದರೆ ಅಪ್ಪ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಬೇಸಿನ್ನು, ಚರಕ ಎಲ್ಲ ಮಾರಿ ಆರು ವರ್ಷವಾಗಿದೆ. ಓದಿ ಮಡಿಸಿ ನನ್ನ ಕೈಗೆ ಕೊಟ್ಟರು. ಹಾಳೆಯ ಎರಡೂ ಅಂಚು ಮೆತ್ತಗೆ, ಹಸಿಹಸಿ. ಅವರ ಹೆಬ್ಬೆಟ್ಟುಗಳಿಗೆ ಕಪ್ಪು ಹತ್ತಿತ್ತು.

'ಅಪ್ಪಾ, ನಿನ್ನ ಕೈಯೂ ಬೆವರುತ್ತಾ?'

ಅವರು ಅಂಗೈಗಳನ್ನು ಬಿಸಿಲಿಗೆ ತಿರುಗಿಸಿ, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡರು. 'ಬೆವರಾ? ನಾನು ಬೇಸಿನ್ ನೀರು ಇನ್ನೂ ಆರಿಲ್ಲ ಅಂದ್ಕೊಂಡಿದ್ದೆ ಕಣಪ್ಪ.'