ಕಾಂಡ್ಲಾ ನೆಡುವ ಮೊದಲು ನೀರಿನ ಮಟ್ಟ ನೋಡಿ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟ ಫೋಟೊಗಳು ಈ ವರ್ಷವೂ ಬಂದಿವೆ. ನೋಡಿ ಹೊಟ್ಟೆ ಉರಿಯಿತು. ಸಾಲಾಗಿ ಕೋಡು, ಅಂದರೆ ಮರದಲ್ಲೇ ಮೊಳೆತ ಕಾಂಡ್ಲಾದ ಉದ್ದನೆಯ ಮೊಳಕೆ, ಚುಚ್ಚಿದ ಆ ಜಾಗ ಇಳಿತದಲ್ಲಿ ಮಾತ್ರ ಮೇಲೆ ಕಾಣುವ ಬಳಚಿನ (ತಿನ್ನುವ ಚಿಪ್ಪಿನ) ದಿಬ್ಬ. ಅಲ್ಲಿ ಗಿಡ ಉಳಿಯುವುದಿಲ್ಲ. ಅಪ್ಪಿತಪ್ಪಿ ಉಳಿದರೆ ಬೇರಿನ ಸುತ್ತ ಕೆಸರು ಕೂತು ಬಳಚು ಹೋಗುತ್ತದೆ, ಅದನ್ನು ಹೆಕ್ಕಿ ಸಂಸಾರ ನಡೆಸುವ ಹೆಂಗಸರ ಗಳಿಕೆಯೂ ಹೋಗುತ್ತದೆ.

ಕಾಂಡ್ಲಾಕ್ಕೆ ಉಪ್ಪುನೀರು ಒಗ್ಗುತ್ತದೆ ನಿಜ, ಆದರೆ ಇಡೀ ದಿನ ಮುಳುಗಿರುವುದು ಆಗದು. ದಿನದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ನೀರಿನಡಿ ಇದ್ದರೆ ಬೇರಿಗೆ ಉಸಿರು ಸಿಗುವುದಿಲ್ಲ. ಎಳೆ ಗಿಡದ ಮೈತುಂಬ ಚಿಪ್ಪುಹುಳ ಅಂಟಿ, ಆ ಭಾರಕ್ಕೇ ಅದು ಬಾಗಿ ಬೀಳುತ್ತದೆ. ಹಾಗೆ ಅಂಟಿದ್ದು ಕಂಡರೆ ನೆಟ್ಟ ಜಾಗ ತೀರಾ ತಗ್ಗಿನಲ್ಲಿದೆ ಅಂತಲೇ ಲೆಕ್ಕ. ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಹತ್ತಿರದಲ್ಲಿ ತಾನಾಗಿ ಬೆಳೆದ ಕಾಂಡ್ಲಾದ ಕೆಳಗಿನ ಅಂಚು ಹುಡುಕಿ. ಗಾರೆಯವರು ಮಟ್ಟ ಹಿಡಿಯುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಆ ಅಂಚಿನ ಎತ್ತರವನ್ನು ನೆಡುವ ಜಾಗದ ಗೂಟಕ್ಕೆ ಗುರುತು ಹಾಕಿ. ನೆಲ ಗುರುತಿಗಿಂತ ಕೆಳಗಿದ್ದರೆ ಅಲ್ಲಿ ನೆಡಲೇಬೇಡಿ.

ಕೋಡಿನ ವಿಷಯದಲ್ಲೂ ಅವಸರ. ಹಸಿಯದನ್ನು ಕಿತ್ತು ತರುತ್ತಾರೆ. ಕೋಡಿನ ತಲೆಯಲ್ಲಿರುವ ಕಾಯಿಯ ಕೆಳಗೆ ಹಳದಿ ಬಳೆ ಕಂಡಮೇಲೆ ಅಥವಾ ಉದುರಿದ ಮೇಲೆ ಆರಿಸಬೇಕು. ಕಾಯಿಯನ್ನು ಎಳೆದು ತೆಗೆದರೆ ಒಳಗಿನ ಮೊಗ್ಗು ಮುರಿಯುತ್ತದೆ, ಆಮೇಲೆ ಅದು ಬರೀ ಕೋಲು. ಚೂಪು ತುದಿ ಕೆಳಗೆ, ನೆಟ್ಟಗೆ ನಿಲ್ಲುವಷ್ಟೇ ಆಳ. ಗೇಣುದ್ದ ಹೂತರೆ ಜಾಸ್ತಿಯಾಯಿತು.

ಏನೂ ಮಾಡದಿರುವುದಕ್ಕಿಂತ ನೆಡುವುದು ವಾಸಿಯಲ್ಲವೇ ಅನ್ನುತ್ತೀರಿ. ಅಲ್ಲ. ನೀರಿನ ದಾರಿ ಸರಿಯಾದರೆ ಕೋಡು ತೇಲಿ ಬಂದು ತಾನೇ ಬೇರೂರುತ್ತದೆ. ಬೇಸಾಯ ಬಿಟ್ಟ ಗಜನಿಯಲ್ಲಿ (ಅಳಿವೆಯಂಚಿನ ಕಟ್ಟೆ ಹಾಕಿದ ಗದ್ದೆಯಲ್ಲಿ) ಹಳೇ ಹಳ್ಳದ ಜಾಡು ಹಿಡಿದು ಕಟ್ಟೆಯನ್ನು ಎರಡು ಮೂರು ಕಡೆ ಕಡಿದು ಭರತದ (ಉಬ್ಬರದ) ನೀರು ಹೋಗಿಬರಲು ಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಉಪ್ಪು ತಾಳುವ ಕಗ್ಗ ಭತ್ತ ಇನ್ನೂ ಬೆಳೆಯುವ ಗಜನಿಯ ಮಾತು ಬೇರೆ. ಅಲ್ಲಿ ಮಳೆಗೆ ಮೊದಲು ಕಟ್ಟೆ ದುರಸ್ತಿಯಾಗಬೇಕು, ಕಟ್ಟೆಯಲ್ಲಿ ನೀರು ಬಿಡುವ ಬಾಗಿಲಿನ ಹಲಗೆ ಬದಲಾಗಬೇಕು. ಒಂದು ಹಲಗೆ ಕೊಳೆತಿದ್ದರೂ ಸಾಕು, ಮಳೆ ತೊಳೆದುಕೊಟ್ಟ ಗದ್ದೆಗೆ ಮತ್ತೆ ಉಪ್ಪು ನುಗ್ಗುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ದಂಟು ಬಿಟ್ಟರೆ, ಬಾಗಿಲು ತೆರೆದಾಗ ಒಳಬರುವ ಮೀನು ಸಿಗಡಿಗೆ ಅದೇ ಮೇವು. ಇಂಥ ಗಜನಿಗೆ ಕಾಂಡ್ಲಾ ಬೇಕಾದದ್ದು ಕಟ್ಟೆಯ ಹೊರಗೆ, ಅಲೆ ತಡೆಯಲು. ಒಳಗೆ ನೆಟ್ಟರೆ ಗದ್ದೆಯೇ ಕಾಡಾಗುತ್ತದೆ, ಆಮೇಲೆ ಕಡಿಯಲು ಹೋದ ರೈತನ ಮೇಲೆ ಕೇಸು.

2024ರ ಜನವರಿಯಲ್ಲಿ ಈ ಅಳಿವೆಯ ಸುಮಾರು 4,800 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಸಂತೋಷವೇ. ಆದರೆ ಯಾವ ದಿಬ್ಬದಲ್ಲಿ ಬಳಚಿದೆ, ಯಾವ ಕಟ್ಟೆ ಸೋರುತ್ತದೆ ಎಂಬುದು ಗೊತ್ತಿರುವುದು ಅಲ್ಲಿ ಇಳಿಯುವವರಿಗೆ. ಮುಂದಿನ ಮಳೆಗಾಲಕ್ಕೆ ಕೋಡು ಹೊತ್ತು ಬರುವವರು ಏಪ್ರಿಲ್‌ನಲ್ಲೇ ಒಮ್ಮೆ ಬಂದು ಅವರ ಜೊತೆ ಇಳಿತದಲ್ಲಿ ನಡೆಯಿರಿ, ಬ್ಯಾನರಿನ ದುಡ್ಡಿನಲ್ಲಿ ಬಾಗಿಲಿಗೆ ಹಲಗೆ ಕೊಡಿಸಿ.