ಉಂಟಾ?

ಹನ್ನೆರಡು ವರ್ಷ ನಾನು ಅತಿ ಜಾಸ್ತಿ ಕೇಳಿಸಿಕೊಂಡ ಮಾತು ಇದು. ನಮ್ಮ ಉಡುಪಿ ಕಡೆ ಅಂಗಡಿಗೆ ಬಂದವರು "ಕೊಡಿ" ಎಂದು ಶುರು ಮಾಡುವುದಿಲ್ಲ. ಸಕ್ಕರೆ ಮೂಟೆ ಎದುರಿಗೇ ಬಾಯಿ ತೆರೆದು ಕೂತಿದ್ದರೂ "ಸಕ್ಕರೆ ಉಂಟಾ?" ಎಂದೇ ಕೇಳುತ್ತಾರೆ. "ಇಲ್ಲ, ಇದು ಮರಳು" ಎನ್ನುವ ಆಸೆ ಎಷ್ಟೋ ಸಲ ಆಗಿದೆ. ಹೇಳಲಿಲ್ಲ. ಈ ಊರಿನಲ್ಲಿ ಮರಳಿಗೆ ಸಕ್ಕರೆಗಿಂತ ಹೆಚ್ಚು ಗಿರಾಕಿ.

2010ರಲ್ಲಿ ಚಿಟ್ಪಾಡಿ ಕಡೆ ಒಂದೇ ಶಟರಿನ ಅಂಗಡಿ ಹಾಕಿದೆ. ಅರ್ಧ ದಿನಸಿ, ಅರ್ಧ ಫ್ಯಾನ್ಸಿ, ಪುಸ್ತಕ-ಪೆನ್ನು. 2022ರ ಮಾರ್ಚ್‌ನಲ್ಲಿ ಮುಚ್ಚಿದೆ. ಯಾಕೆ ಮುಚ್ಚಿದ್ದು ಎಂದು ಕೇಳುವವರಿಗೆ ಬಾಡಿಗೆ, ಸೂಪರ್ ಮಾರ್ಕೆಟ್, ಕೊರೊನಾ ಎಂದು ಹೇಳಿ ಮುಗಿಸುತ್ತೇನೆ. ಸುಳ್ಳಲ್ಲ. ಆದರೆ ಇನ್ನೊಂದು ಕಾರಣ ನಮ್ಮ ಮನೆಯ ಅಟ್ಟದ ಮೇಲೆ ಆರು ರಟ್ಟಿನ ಪೆಟ್ಟಿಗೆಗಳಲ್ಲಿ ಉಂಟು.

ಅಂಗಡಿ ಹಾಕುವಾಗ ನನ್ನ ಸೋದರಮಾವ ಒಂದು ಬುದ್ಧಿ ಹೇಳಿದ್ದರು. "ಗಿರಾಕಿ ಹತ್ರ ಇಲ್ಲ ಅಂತ ಮಾತ್ರ ಹೇಳ್ಬೇಡ ಮಾರಾಯ, ಅದ್ರಲ್ಲೂ ಮುಸ್ಸಂಜೆಗೆ. ಖಾಲಿಯಾಗಿದೆ, ನಾಳೆ ಬರ್ತದೆ ಅಂತ ಹೇಳು." ಅವರು ಹೇಳಿದ್ದು ಬಾಯಿಮಾತಿಗೆ. ನಾನು ನಿಜವಾಗಿಯೂ ಮರುದಿನ ತರಿಸಿಬಿಡುತ್ತಿದ್ದೆ.

ಒಂದು ಜನವರಿಯಲ್ಲಿ ಉತ್ತರದ ಕಡೆಯ ಯಾತ್ರಿಕರೊಬ್ಬರು ಬಂದು ಮಂಕಿ ಕ್ಯಾಪ್ ಕೇಳಿದರು. ಅದು 2014, ಪರ್ಯಾಯದ ವರ್ಷ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗ್ಗೆ ಮಠದ ಪೂಜೆಯ ಹೊಣೆ ಕೈ ಬದಲಾಗುವಾಗ ಊರಿಗೆ ಊರೇ ರಾತ್ರಿಯೆಲ್ಲ ಎಚ್ಚರ ಇರುತ್ತದೆ, ಅಲ್ವಾ? ನನ್ನ ತಲೆ ಓಡಿತು. ರಾತ್ರಿಯೆಲ್ಲ ಬೀದಿಯಲ್ಲಿ ನಿಲ್ಲುವವರಿಗೆ ಚಳಿ ಆಗದಾ? ಅರುವತ್ತು ರೂಪಾಯಿಯಂತೆ 24 ಟೋಪಿ ತರಿಸಿದೆ. ಆ ರಾತ್ರಿ ಹೋದದ್ದು ನೀರಿನ ಬಾಟ್ಲಿ ಮತ್ತು ಚಕ್ಕುಲಿ. ಬಂದವರೆಲ್ಲ ಸೆಖೆ ಸೆಖೆ ಎನ್ನುತ್ತಾ ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮೊದಲು ಕೇಳಿದ ಯಾತ್ರಿಕರು ಅಷ್ಟು ಹೊತ್ತಿಗೆ ತಮ್ಮ ಊರು ಸೇರಿ ಬೆಚ್ಚಗೆ ಮಲಗಿರಬೇಕು.

1,440 ರೂಪಾಯಿ ದೊಡ್ಡ ಮೊತ್ತವಾ ಎಂದು ಕೇಳಬಹುದು. ಹತ್ತು ರೂಪಾಯಿಯ ಬಿಸ್ಕೆಟಿನಲ್ಲಿ ನನಗೆ ಒಂದು ರೂಪಾಯಿ ಉಳಿದರೆ ಪುಣ್ಯ. ಆ ಟೋಪಿಗಳ ಲೆಕ್ಕ ಸರಿಹೋಗಲು 1,440 ಬಿಸ್ಕೆಟ್ ಮಾರಬೇಕಿತ್ತು. ಈ ಗಣಿತ ನನಗೆ ಅಂಗಡಿ ಮುಚ್ಚಿದ ಮೇಲೆ ಬಂತು. ಈಗ ಒಂದು ಟೋಪಿ ಹಿತ್ತಿಲಿನ ಬೆರ್ಚಪ್ಪನ ತಲೆಯ ಮೇಲಿದೆ. ಹಕ್ಕಿಗಳು ಹೆದರುವುದಿಲ್ಲ, ಆದರೆ ಅವನಿಗೆ ಚಳಿ ಆಗುವುದಿಲ್ಲ.

ಹೀಗೆ ಅಟ್ಟದ ಆ ಪೆಟ್ಟಿಗೆಗಳ ಒಂದೊಂದು ವಸ್ತುವೂ ಒಮ್ಮೆ ಕೇಳಿ ಹೋದ ಯಾರೋ ಒಬ್ಬರು. ನೇರಳೆ ಬಣ್ಣದ ಶಾಯಿ ಕೇಳಿದವರು ನಿವೃತ್ತ ಮೇಷ್ಟ್ರು. ಡಜನ್ ತರಿಸಿದೆ, ಅವರು ಒಂದು ಬಾಟ್ಲಿ ಕೊಂಡರು, ಅದೇ ಅವರಿಗೆ ಆಯುಷ್ಯಪೂರ್ತಿ ಸಾಕಾಯಿತು. ದೊಡ್ಡ ಹಲ್ಲಿನ ಬಾಚಣಿಗೆ ಕೇಳಿದ ಬಾಯಮ್ಮ ಮಗಳ ಮನೆಗೆಂದು ಮುಂಬೈಗೆ ಹೋದರು. ಅವರ ಬಾಚಣಿಗೆಗಳು ಇಲ್ಲೇ ಉಳಿದವು.

ಕೇಳುವ ವಸ್ತು ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತಾ ಹೋಯಿತು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ "ಎರಡು ಸಾವಿರಕ್ಕೆ ಚಿಲ್ಲರೆ ಉಂಟಾ?" ಆಮೇಲೆ "ಗೂಗಲ್ ಪೇ ಉಂಟಾ?" 2020ರಲ್ಲಿ "ಮಾಸ್ಕ್ ಉಂಟಾ? ಸ್ಯಾನಿಟೈಸರ್ ಉಂಟಾ?" ಎರಡನ್ನೂ ರಾಶಿ ತರಿಸಿದೆ. ರೇಟು ಬಿತ್ತು. ಅವು ಎರಡನೇ ಪೆಟ್ಟಿಗೆಯಲ್ಲಿವೆ. ಹನ್ನೆರಡು ವರ್ಷವೂ ಒಂದೇ ಸಮನೆ ಕೇಳಿದ್ದು "ಜೆರಾಕ್ಸ್ ಉಂಟಾ?" ಅದೊಂದನ್ನು ಮಾತ್ರ ನಾನು ಇಡಲಿಲ್ಲ. ನನ್ನ ಬುದ್ಧಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಳೆಯ ಮಾತು ಬೇರೆಯೇ. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಸುರಿಯುವ ಊರಿನಲ್ಲಿ ಅಂಗಡಿ ಇಟ್ಟವನಿಗೆ ಗಿರಾಕಿಗಿಂತ ಗಾಳಿಯ ಪಸೆ ದೊಡ್ಡ ಶತ್ರು. ಆಷಾಢ ಮುಗಿಯುವಷ್ಟರಲ್ಲಿ ಬೆಲ್ಲ ನೀರು ಬಿಡುತ್ತದೆ, ಉಪ್ಪು ಗೋಣಿಯನ್ನೇ ಒದ್ದೆ ಮಾಡುತ್ತದೆ, ಬೆಂಕಿಪೊಟ್ಟಣ ಕೀರಿದರೆ ಮದ್ದು ಕಿತ್ತುಬರುತ್ತದೆ. ಬೆಂಕಿಪೊಟ್ಟಣದ ಕಟ್ಟುಗಳನ್ನು ನಾನು ಫ್ರಿಜ್ಜಿನ ಹಿಂದೆ, ಬಿಸಿ ಬರುವಲ್ಲಿ ಇಡುತ್ತಿದ್ದೆ. ಫ್ರಿಜ್ಜಿನ ಮುಂಭಾಗ ತಂಪಿಗೆ, ಹಿಂಭಾಗ ಬಿಸಿಗೆ. ನನ್ನ ವ್ಯಾಪಾರದಲ್ಲಿ ಎರಡೂ ಕಡೆಯಿಂದ ಲಾಭ ಕೊಟ್ಟದ್ದು ಅದೊಂದೇ. ಅದೂ ತಂಪು ಪಾನೀಯದ ಕಂಪೆನಿಯದ್ದು. ಕೊನೆಗೆ ಅವರೇ ಬಂದು ಟೆಂಪೋದಲ್ಲಿ ಹೊತ್ತುಕೊಂಡು ಹೋದರು.

ಮುಚ್ಚುವ ಮೊದಲಿನ ಎರಡು ವರ್ಷ ಪಾರ್ಸೆಲ್ ಹುಡುಗರು ಜಾಸ್ತಿ ಬರತೊಡಗಿದರು. ಬೈಕ್ ನಿಲ್ಲಿಸಿ, "ಅಣ್ಣ, ಈ ಮನೆ ಎಲ್ಲಿ ಉಂಟು?" ಎಂದು ಕೇಳುತ್ತಿದ್ದರು. ದಾರಿ ಹೇಳುತ್ತಿದ್ದೆ. ಮನೆಗೆ ಬೀಗ ಇದ್ದರೆ ಪಾರ್ಸೆಲ್ಲನ್ನು ನನ್ನಲ್ಲೇ ಇಟ್ಟು ಹೋಗುತ್ತಿದ್ದರು. ಸಂಜೆ ಮನೆಯವರು ಬಂದು ಒಯ್ಯುತ್ತಿದ್ದರು, ಸ್ವಲ್ಪ ನಾಚಿಕೊಂಡು. ಒಬ್ಬರಂತೂ ಮರ್ಯಾದೆಗೆ ಒಂದು ರೂಪಾಯಿಯ ಬೆಂಕಿಪೊಟ್ಟಣ ಕೊಂಡುಹೋಗುತ್ತಿದ್ದರು. ಅವರ ಮನೆಯಲ್ಲಿ ಈಗ ಒಂದು ಅಟ್ಟ ಬೆಂಕಿಪೊಟ್ಟಣ ಇರಬಹುದು.

ಮೊನ್ನೆ ರಾತ್ರಿ ಎಂಟೂವರೆಗೆ ಪಕ್ಕದ ಮನೆಯ ಹುಡುಗಿ ಗೇಟಿನ ಹತ್ತಿರ ನಿಂತು ಕೂಗಿದಳು. "ಮಾಮ, ಕರ್ನಾಟಕದ ಮ್ಯಾಪ್ ಉಂಟಾ? ನಾಳೆ ಶಾಲೆಗೆ ಬೇಕು."

ಶಾಲೆಯ ಮ್ಯಾಪ್ ರಾತ್ರಿ ಎಂಟೂವರೆಗೇ ನೆನಪಾಗುವುದು. ಅದು ಅಂಗಡಿ ಇದ್ದಾಗಲೂ ಹಾಗೆಯೇ.

"ಉಂಟು, ನಿಲ್ಲು" ಎಂದೆ. ಹೆಂಡತಿ ಏಣಿ ಹಿಡಿದುಕೊಂಡಳು. ನಾಲ್ಕನೇ ಪೆಟ್ಟಿಗೆಯಲ್ಲಿ ಇಡೀ ಕಟ್ಟು ಸಿಕ್ಕಿತು, ಅಂಚಿಗೆ ಸ್ವಲ್ಪ ಬೂಷ್ಟು, ಅಷ್ಟೇ. ಧೂಳು ಒರೆಸಿ ಒಂದು ಕೊಟ್ಟೆ. ಅವಳು ಲೈಟಿನ ಕೆಳಗೆ ಹಿಡಿದು ಬೆರಳಿಟ್ಟು ಎಣಿಸಿದಳು.

"ಮಾಮ, ಇದ್ರಲ್ಲಿ 30 ಜಿಲ್ಲೆ ಮಾತ್ರ ಉಂಟು. ವಿಜಯನಗರ ಇಲ್ಲ."

2021ರಲ್ಲಿ ಆದ ಜಿಲ್ಲೆ. ನನ್ನ ಮ್ಯಾಪುಗಳು ಅದಕ್ಕಿಂತ ಮೊದಲಿನವು. ಬಳ್ಳಾರಿಯ ನಡುವೆ ಒಂದು ಗೆರೆ ಎಳೆದುಕೋ, ಪಶ್ಚಿಮದ ಭಾಗಕ್ಕೆ ಹೆಸರು ಬರೆದರೆ ಆಯಿತು ಎಂದೆ.

ಅವಳು ಒಂದು ಕ್ಷಣ ಯೋಚಿಸಿದಳು.

"ಪೆನ್ಸಿಲ್ ಉಂಟಾ?"