ಶೇಕಡಾ ಏಳರ ಮಾತುಗಾರರು

ಹೂಡಿಕೆದಾರರ ಮುಂದೆ ಪಿಚ್ ಮಾಡುವವರಿಗೆ, ಅಂದರೆ ಹಣ ಹಾಕಿ ಎಂದು ತಮ್ಮ ಯೋಜನೆ ಮಂಡಿಸುವವರಿಗೆ, ಈಗ ಮಾತಿನ ಹಂಗಿಲ್ಲ. ಕೇಳುಗರ ಮೇಲಾಗುವ ಪರಿಣಾಮದಲ್ಲಿ ಮಾತಿನ ಪಾಲು ಶೇ 7, ದನಿಯದು ಶೇ 38, ಮಿಕ್ಕ ಶೇ 55 ಹಾವಭಾವದ್ದು ಎಂದು ತರಬೇತುದಾರರು ಪಾಲುಪಟ್ಟಿ ಬರೆದು ಮುಗಿಸಿದ್ದಾರೆ. ತಮ್ಮ ಶುಲ್ಕವನ್ನು ಮಾತ್ರ ಅವರು ಹುಬ್ಬು ಹಾರಿಸಿ ತಿಳಿಸುವುದಿಲ್ಲ. ಅಂಕಿಯಲ್ಲೇ ಬರೆದು ಕೊಡುತ್ತಾರೆ.

ಈ ಲೆಕ್ಕ ಹುಟ್ಟಿದ್ದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ. ಅಲ್ಲಿ ಕೇಳಿಸಿದ್ದು ಭಾಷಣವಲ್ಲ, ಬಿಡಿ ಪದ. ಒಂದು ಪ್ರಯೋಗದಲ್ಲಂತೂ ‘ಮೇಬಿ’ (ಇರಬಹುದು) ಎಂಬ ಒಂದೇ ಪದ, ಜೊತೆಗೆ ಮುಖದ ಫೋಟೊ. ಸೂತ್ರ ಅನ್ವಯಿಸುವುದು ಭಾವನೆ, ಧೋರಣೆಗಳ ಮಾತಿಗಷ್ಟೇ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ‘ಮೇಬಿ’ಗೆ ಹೊಲಿದ ಅಂಗಿಯನ್ನು ಮೂರು ವರ್ಷದ ಆದಾಯದ ಅಂದಾಜಿಗೆ ತೊಡಿಸಿದರೆ ಗುಂಡಿ ಕಿತ್ತು ಬರದೇ ಇದ್ದೀತೆ? (ಆ ಅಂದಾಜೂ ಒಂದು ‘ಮೇಬಿ’ಯೇ ಅನ್ನಿ.)

ಒಳಹೋಗುವ ಮುನ್ನ ಧೈರ್ಯ ಬರಲೆಂದು ಶೌಚಾಲಯದಲ್ಲಿ ಎರಡು ನಿಮಿಷ ಸೊಂಟಕ್ಕೆ ಕೈಯಿಟ್ಟು ನಿಲ್ಲುವ ವ್ರತವೂ ಉಂಟು. 2010ರಲ್ಲಿ 42 ಜನರ ಮೇಲೆ ನಡೆದ ಅಧ್ಯಯನ, ಇಂಥ ಠೀವಿಯ ಭಂಗಿಯಲ್ಲಿದ್ದರೆ ಹಾರ್ಮೋನೇ ಬದಲಾಗುತ್ತದೆ ಎಂದಿತ್ತು. 2015ರಲ್ಲಿ 200 ಜನರ ಮೇಲೆ ಮತ್ತೆ ಪರೀಕ್ಷಿಸಿ ನೋಡಿದರೆ ಹಾರ್ಮೋನು ಕದಲಲಿಲ್ಲ. ಬಲ ಬಂದಂತೆ ಅನ್ನಿಸಿತು, ಅಷ್ಟೆ. ಮೊದಲ ಅಧ್ಯಯನದ ಲೇಖಕರಲ್ಲೊಬ್ಬರಾದ ಡಾನಾ ಕಾರ್ನಿ ತಮಗೀಗ ಅದರಲ್ಲಿ ನಂಬಿಕೆ ಇಲ್ಲವೆಂದು 2016ರಲ್ಲಿ ಬಹಿರಂಗವಾಗಿ ಬರೆದರು. ಶೌಚಾಲಯಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನು ಕಣ್ಣು. ಒಂದು ವಿಚಾರ ಮುಗಿಯುವವರೆಗೆ, ಅಂದರೆ ಮೂರರಿಂದ ಐದು ಸೆಕೆಂಡು, ಒಬ್ಬರನ್ನೇ ನೋಡಿ. ಆಮೇಲೆ ಇನ್ನೊಬ್ಬರತ್ತ ಹೋಗಿ. ಇಷ್ಟೇ ವಿದ್ಯೆ. ಹೊಸಬರು ಟೇಬಲ್ ಫ್ಯಾನಿನಂತೆ ಅತ್ತಿಂದಿತ್ತ ತಿರುಗುತ್ತಾರೆ, ಗಾಳಿ ಯಾರಿಗೂ ತಾಗುವುದಿಲ್ಲ. ತರಬೇತಿ ಪಡೆದವರ ಕಾಯಿಲೆ ಬೇರೆ: ತಲೆಯಾಡಿಸುವ ಒಬ್ಬರನ್ನು ಹುಡುಕಿ ಕೊನೆತನಕ ಅವರಿಗೇ ಅಂಟಿಕೊಳ್ಳುತ್ತಾರೆ. ಚೆಕ್ಕಿಗೆ ಸಹಿ ಹಾಕುವವರು ಸಾಮಾನ್ಯವಾಗಿ ತಲೆಯಾಡಿಸುವುದಿಲ್ಲ.

ದನಿಯ ವಿಷಯ ಇನ್ನೂ ಮಜಾ. ಗಾಂಭೀರ್ಯಕ್ಕೆಂದು ಗಂಟಲು ಅದುಮಿ ದನಿ ಇಳಿಸಿದರೆ ಉಸಿರು ವಾಕ್ಯದ ನಡುವೆಯೇ ಖಾಲಿ. ಇಂಗ್ಲಿಷಿನವರಿಗೆ ಅದರಿಂದ ನಷ್ಟ ಕಡಿಮೆ, ಅವರ ಕ್ರಿಯಾಪದ ಮೊದಲೇ ಬಂದು ಹೋಗಿರುತ್ತದೆ. ನಮ್ಮದು ವಾಕ್ಯದ ಬಾಲದಲ್ಲಿ. ‘ಮುಂದಿನ ವರ್ಷದಿಂದ ಕಂಪನಿಗೆ ಲಾಭ’ ಎಂಬುದು ಸಭೆ ತುಂಬ ಮೊಳಗಿ, ‘ಬರುತ್ತದೆ’ಯೋ ‘ಬರುವುದಿಲ್ಲ’ವೋ ಮೀಸೆಯೊಳಗೇ ಉಳಿಯುತ್ತದೆ. ಮದ್ದು ಸರಳ: ಶುರುಮಾಡುವ ಮುನ್ನ ಉಸಿರು ಪೂರ್ತಿ ಹೊರಬಿಟ್ಟು ಹೊಟ್ಟೆ ಉಬ್ಬುವಂತೆ ಎಳೆದುಕೊಳ್ಳಿ, ವಾಕ್ಯ ತುಂಡು ಮಾಡಿ, ಮುಖ್ಯ ಅಂಕಿ ಹೇಳಿದ ಮೇಲೆ ಎರಡು ಸೆಕೆಂಡು ಬಾಯಿ ಮುಚ್ಚಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಮೌನದಲ್ಲಿ ಜನ ಅಂಕಿಯನ್ನು ಕೂಡಿ ನೋಡಿಬಿಡುತ್ತಾರಲ್ಲ!

ಕೈ ಸೊಂಟ–ಎದೆಯ ನಡುವೆ ಇದ್ದರೆ ಸಾಕು. ನಡುಗುವ ಕೈಗೆ ಲೇಸರ್ ಪಾಯಿಂಟರ್ ಕೊಡಬೇಡಿ, ಅದು ನಡುಕವನ್ನು ಗೋಡೆಯ ಮೇಲೆ ಆಳೆತ್ತರ ಬರೆಯುತ್ತದೆ.

ಆನ್‌ಲೈನ್ ಪಿಚ್ಚಿನಲ್ಲಿ ಕಣ್ಣಲ್ಲಿ ಕಣ್ಣಿಡಲು ಮುಖ ಬಿಟ್ಟು ಲೆನ್ಸ್ ನೋಡಬೇಕು. ಅದಕ್ಕೆ ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಪೇರಿಸಿ, ಕಣ್ಣಿನ ಮಟ್ಟಕ್ಕೆ ತಂದು, ಲೆನ್ಸ್ ಪಕ್ಕ ಬಣ್ಣದ ಚುಕ್ಕಿ ಅಂಟಿಸಿ, ರೆಪ್ಪೆ ಬಡಿಯದೆ ಇಪ್ಪತ್ತು ನಿಮಿಷ ಆ ಚುಕ್ಕಿಗೆ ಭರವಸೆ ತುಂಬುತ್ತಾರೆ. ಆ ಕಡೆಯವರ ಕ್ಯಾಮೆರಾ ಮೂರನೇ ನಿಮಿಷಕ್ಕೇ ಆಫ್ ಆಗಿರುತ್ತದೆ.